ಕುರಿಮಂದೆಯ ಧೂಳೂ ಲಕ್ಷಣ ತಪ್ಪಿದ ನ್ಯುಮೋನಿಯಾ ಜ್ವರವೂ

ಚಳಿ ನಡುಗಿಸಿ ಜ್ವರವೇರಿ, ಎದೆಯಲ್ಲಿ ಚುಚ್ಚಿದಂತೆ ನೋವುಂಟಾಗಿ, ತುಕ್ಕಿನ ಬಣ್ಣದ ಕಫ ಬೀಳುವ ನ್ಯುಮೋನಿಯಾ ರೋಗವನ್ನು ಗ್ರಾಮಗಳಲ್ಲಿ ಅನೇಕರು ಕಂಡಿರುವರು. ಇದು ಬಹುಮಟ್ಟಿಗೆ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರತಕ್ಕದ್ದು. ಕಫಕ್ಕೆ ಬಣ್ಣವಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಜೀವಿಯು ಕಾಣುವುದುಂಟು. ಪೆನಿಸಿಲಿನ್ ಜಾತಿಯ ಔಷಧಗಳಿಗೆ ಇದು ಸಾಮಾನ್ಯವಾಗಿ ಮಣಿಯುವುದೂ ಉಂಟು.

ಆದರೆ ಈ ಲಕ್ಷಣಗಳಿಗೆ ಹೊಂದದ ಇನ್ನೊಂದು ಬಗೆಯ ನ್ಯುಮೋನಿಯಾ ಇರುವುದು. ಅದರಲ್ಲಿ ಜ್ವರ, ತಲೆನೋವು, ಮೈಕೈ ನೋವು, ಒಣಕೆಮ್ಮು ಇವೇ ಮುಂದಾಗಿರುವುವು. ವೈದ್ಯರು ಎದೆಯನ್ನು ಪರೀಕ್ಷಿಸಿದಾಗ ದೊರೆಯುವ ಸೂಚನೆಯು ಅಲ್ಪ. ಎಕ್ಸ್-ರೇ ಚಿತ್ರದಲ್ಲಿ ಮಾತ್ರ ಶ್ವಾಸಕೋಶದ ಉರಿಯು ಹೆಚ್ಚಾಗಿ ಕಾಣಬರುವುದು. ಪೆನಿಸಿಲಿನ್ನಿನಿಂದ ಗುಣ ತೋರುವುದಿಲ್ಲ. ಇಂತಹ ರೋಗದ ಒಂದು ಬಗೆಯು ಕುರಿ, ಆಡು, ದನಗಳಿಂದ ಮನುಷ್ಯರಿಗೆ ತಗುಲತಕ್ಕದ್ದಾದುದರಿಂದ, ಗ್ರಾಮದ ಮುಖಂಡರೂ ಜಮೀನುದಾರರೂ ಇದರ ವಿಚಾರವನ್ನು ತಿಳಿದಿರುವುದು ಅವಶ್ಯಕ.

ರೋಗದ ಕಾರಣಗಳು

ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾಗಳಲ್ಲಿ ನಾಲ್ಕು ಮುಖ್ಯವಾದುವು. ಮೊದಲನೆಯದು ಮೈಕೋಪ್ಲಾಸ್ಮಾ. ಇದು ಕೆಮ್ಮಿನ ಮೂಲಕ ಒಬ್ಬರಿಂದೊಬ್ಬರಿಗೆ ಹರಡುವುದು. ಪೆನಿಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕೆಡಿಸಿ ಕೊಲ್ಲುವ ಔಷಧವಾಗಿದ್ದು, ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲವಾದುದರಿಂದ ಔಷಧವು ವ್ಯರ್ಥವಾಗುವುದು. ಎರಡನೆಯದಾದ ಲೀಜಿಯೊನೆಲ್ಲಾ, 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸೇರಿದ್ದ ಮಾಜಿ ಸೈನಿಕರ ಸಮ್ಮೇಳನದಲ್ಲಿ ಅನೇಕರನ್ನು ಬಲಿ ತೆಗೆದುಕೊಂಡು ಬೆಳಕಿಗೆ ಬಂದಿತು. ಇದು ನೀರಿನಲ್ಲಿ ಬೆಳೆದು ತುಂತುರಿನೊಡನೆ ಶ್ವಾಸಕೋಶವನ್ನು ಸೇರುವುದು. ಮೂರನೆಯದು ಗಿಳಿ, ಬಾತುಕೋಳಿ ಮೊದಲಾದ ಪಕ್ಷಿಗಳಿಂದ ಬರುವ ಕ್ಲಮೈಡಿಯಾ. ನಾಲ್ಕನೆಯದು ಕ್ಯೂ ಜ್ವರವನ್ನುಂಟುಮಾಡುವ ಕಾಕ್ಸಿಯೆಲ್ಲಾ. ನಮ್ಮ ಕುರಿದೊಡ್ಡಿ, ಕೊಟ್ಟಿಗೆಗಳಿಗೆ ಸಂಬಂಧಪಟ್ಟುದು ಇದೇ.

1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಕಸಾಯಿಖಾನೆಯ ಕೆಲಸಗಾರರಲ್ಲಿ ಕಾರಣ ತಿಳಿಯದ ಜ್ವರವೊಂದು ಕಾಣಿಸಿತು. ಡಾಕ್ಟರ್ ಎಡ್ವರ್ಡ್ ಡೆರಿಕ್ ಎಂಬವರು 1937ರಲ್ಲಿ ಇದನ್ನು ವಿವರಿಸಿ, ಪ್ರಶ್ನೆ ಎಂಬರ್ಥದ ಇಂಗ್ಲಿಷ್ ಶಬ್ದದ ಮೊದಲಕ್ಷರದಿಂದ ಕ್ಯೂ ಜ್ವರವೆಂದು ಕರೆದರು. ಪ್ರಶ್ನೆಗೆ ಉತ್ತರವು ಬೇಗನೆ ದೊರೆತರೂ ಹೆಸರು ಹಾಗೆಯೇ ನಿಂತಿತು. ಭಾರತದ ದನ, ಕುರಿ, ಆಡುಗಳಲ್ಲಿಯೂ ಈ ಸೋಂಕು ಕಂಡುಬಂದಿರುವುದು.

ತಗುಲುವ ಬಗೆ

ಸೋಂಕು ತಗುಲಿದ ಪಶುವು ನೋಡುವುದಕ್ಕೆ ಆರೋಗ್ಯವಾಗಿಯೇ ಇರಬಹುದು. ಕೆಲವು ಗಬ್ಬದ ಪಶುಗಳು ಕಂದು ಹಾಕುವುವು. ಈಯುವಾಗ ಬೀಳುವ ನೀರಿನಲ್ಲಿಯೂ ಮಾಸಿನಲ್ಲಿಯೂ ಈ ಜೀವಿಯು ಅಪಾರವಾಗಿರುವುದು. ಒಂದು ಗ್ರಾಂ ಮಾಸಿನಲ್ಲಿ ನೂರು ಕೋಟಿಯವರೆಗೂ ಇರಬಹುದು. ಇದು ಗೊಬ್ಬರದಲ್ಲಿಯೂ ಉಣ್ಣೆಯಲ್ಲಿಯೂ ಬಹುಕಾಲ ಸಾಯದೆ ಉಳಿದು, ಒಣಗಿದ ಮೇಲೆ ಧೂಳಿನೊಡನೆ ಗಾಳಿಯಲ್ಲಿ ಹಾರುವುದು. ಇದರ ಕೆಲವೇ ಕಣಗಳು ಉಸಿರಿನೊಡನೆ ಒಳಸೇರಿದರೂ ಸಾಕು. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಜ್ವರವು ಕಾಣಿಸಿಕೊಳ್ಳುವುದು.

2007ರಲ್ಲಿ ನೆದರ್ಲೆಂಡ್ಸ್ ದೇಶದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ನ್ಯುಮೋನಿಯಾ ರೋಗಿಗಳು ಇದ್ದಕ್ಕಿದ್ದಂತೆ ಹೆಚ್ಚಿದರು. ಹಾಲಿಗಾಗಿ ಸಾಕಿದ ಆಡುಗಳು ಕಂದು ಹಾಕುತ್ತಿದ್ದುದೇ ಇದರ ಮೂಲವೆಂದು ತಿಳಿದುಬಂದಿತು. 2010ರೊಳಗಾಗಿ 4000ಕ್ಕೂ ಹೆಚ್ಚು ಜನರು ಕ್ಯೂ ಜ್ವರದಿಂದ ನರಳಿದರು. 50,000ಕ್ಕೂ ಹೆಚ್ಚು ಆಡುಗಳನ್ನು ಕೊಲ್ಲಬೇಕಾಯಿತು. ಆಡುಗಳನ್ನು ಮುಟ್ಟದೆ ಸಮೀಪದಲ್ಲಿ ವಾಸಿಸುತ್ತಿದ್ದ ಅನೇಕರೂ ಕಾಯಿಲೆ ಬಿದ್ದರೆಂಬುದು ಗಮನಿಸತಕ್ಕ ವಿಷಯ.

ರೋಗವನ್ನು ಕಂಡುಹಿಡಿಯುವ ವಿಧಾನ

ಕಾಕ್ಸಿಯೆಲ್ಲಾ ಜೀವಕೋಶಗಳ ಒಳಗೆ ಅಡಗಿ ಬೆಳೆಯತಕ್ಕದ್ದು. ಆದುದರಿಂದ ಕಫದ ಸಾಧಾರಣ ಪರೀಕ್ಷೆಯಲ್ಲಿ ಇದು ಸಿಕ್ಕುವುದಿಲ್ಲ. ರಕ್ತಪರೀಕ್ಷೆಯೇ ಮುಖ್ಯವಾದ ಸಾಧನ. ರೋಗದ ಮೊದಲ ವಾರದಲ್ಲಿ ರಕ್ತದಲ್ಲಿರುವ ಜೀವಿಯ ಅಂಶವನ್ನು ಪಿ.ಸಿ.ಆರ್. ಪರೀಕ್ಷೆಯಿಂದ ಗುರುತಿಸಬಹುದು. ಅನಂತರ, ಜೀವಿಯನ್ನೆದುರಿಸಲು ದೇಹವು ಉತ್ಪತ್ತಿಮಾಡುವ ಪ್ರತಿಕಾಯಗಳನ್ನು ಅಳೆಯುವರು. ಮೊದಲ ರಕ್ತವನ್ನು ರೋಗದ ಆರಂಭದಲ್ಲಿಯೂ ಎರಡನೆಯದನ್ನು ಮೂರರಿಂದ ಆರು ವಾರಗಳ ಮೇಲೆಯೂ ತೆಗೆದು ಹೋಲಿಸಿ, ಪ್ರತಿಕಾಯಗಳು ನಾಲ್ಕು ಪಾಲು ಏರಿದ್ದರೆ ರೋಗವು ನಿಶ್ಚಿತವಾಗುವುದು. ಜ್ವರ ಇಳಿಯಿತೆಂದು ಎರಡನೆಯ ರಕ್ತವನ್ನು ಕೊಡದಿರುವುದು ಸರಿಯಲ್ಲ.

ಆದರೆ ಈ ಪರೀಕ್ಷೆಯು ಎಲ್ಲ ರೋಗಿಗಳಿಗೂ ಮಾಡತಕ್ಕದ್ದಲ್ಲ. ಸಂಶಯ ಬಂದಾಗಲೇ ವೈದ್ಯರು ಮಾಡಿಸುವರು. ಸಂಶಯಕ್ಕೆ ಆಧಾರವಾಗತಕ್ಕದ್ದು ರೋಗಿಯ ಮಾತು. ಜ್ವರ ಬರುವುದಕ್ಕೆ ಮುಂಚಿನ ಮೂರು ನಾಲ್ಕು ವಾರಗಳಲ್ಲಿ ಕುರಿ ಈಯಿಸಿದ್ದರೆ, ಕಂದು ಹಾಕಿದ ಪಶುವನ್ನು ಮುಟ್ಟಿದ್ದರೆ, ದೊಡ್ಡಿಯ ಗೊಬ್ಬರ ತೋಡಿದ್ದರೆ, ಹೊಲದಲ್ಲಿ ಮಂದೆ ಹಾಕಿಸಿದ್ದರೆ, ಅದನ್ನು ಕೇಳುವುದಕ್ಕೆ ಮೊದಲೇ ಹೇಳಬೇಕು. ಗುರುತಿಸಿದ ರೋಗಕ್ಕೆ ಡಾಕ್ಸಿಸೈಕ್ಲಿನ್ ಎಂಬ ಔಷಧವು ಉತ್ತಮವಾಗಿ ಫಲಿಸುವುದು. ಸಂಶಯವು ಬಲವಾಗಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ವೈದ್ಯರು ಇದನ್ನು ಆರಂಭಿಸುವರು. ಗುರುತಿಸದೆ ಹೋದರೆ ಕೆಲವರಲ್ಲಿ ತಿಂಗಳುಗಳು ಅಥವಾ ವರ್ಷಗಳು ಕಳೆದ ಮೇಲೆ ಹೃದಯದ ಕವಾಟಗಳು ಕೆಡುವುವು. ಗರ್ಭಿಣಿಯರಿಗೆ ಗರ್ಭಪಾತದ ಭಯವುಂಟು. ಕೆಮ್ಮು ಎರಡು ವಾರ ಮೀರಿದರೆ ಕ್ಷಯರೋಗಕ್ಕಾಗಿ ಕಫಪರೀಕ್ಷೆಯನ್ನೂ ತಪ್ಪದೆ ಮಾಡಿಸಬೇಕು.

ಮುಂಜಾಗ್ರತೆಗಳು

1. ಮಾಸನ್ನೂ ಸತ್ತು ಹುಟ್ಟಿದ ಮರಿಯನ್ನೂ ನಾಯಿಗಳಿಗೆ ಎಸೆಯಬಾರದು. ಮಾಸನ್ನು ಆಲದ ಮರಕ್ಕೆ ಕಟ್ಟುವ ವಾಡಿಕೆಯು ಕೆಲವು ಕಡೆ ಇರುವುದು. ಅದಕ್ಕೆ ಬದಲಾಗಿ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು ಕ್ಷೇಮ.

2. ಈಯಿಸುವವರು ಕೈಗವಸು ತೊಟ್ಟು, ಮೂಗು ಬಾಯಿಗಳನ್ನು ಮುಚ್ಚಿಕೊಂಡು, ಕೆಲಸ ಮುಗಿದ ಮೇಲೆ ಸೋಪಿನಿಂದ ಚೆನ್ನಾಗಿ ತೊಳೆದುಕೊಳ್ಳಬೇಕು. ಗರ್ಭಿಣಿಯರಿಂದಲೂ ಹೃದ್ರೋಗವುಳ್ಳವರಿಂದಲೂ ಈ ಕೆಲಸವನ್ನು ಮಾಡಿಸಬಾರದು.

3. ದೊಡ್ಡಿಯನ್ನು ಗುಡಿಸುವ ಮೊದಲು ನೀರು ಚಿಮುಕಿಸಿ ಧೂಳನ್ನು ಅಡಗಿಸಬೇಕು.

4. ಹಾಲನ್ನು ಕಾಯಿಸದೆ ಕುಡಿಯಬಾರದು.

5. ಒಂದೇ ಮಂದೆಯಲ್ಲಿ ಹಲವು ಪಶುಗಳು ಕಂದು ಹಾಕಿದರೆ ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು.

ಈ ಕೊನೆಯ ಕರ್ತವ್ಯವು ವಿಶೇಷವಾಗಿ ಗ್ರಾಮದ ಮುಖಂಡರಿಗೆ ಸೇರಿದ್ದು. ಮಂದೆ ಕಂದು ಹಾಕಿದುದನ್ನು ಪಶುವೈದ್ಯರೂ, ಊರಿನಲ್ಲಿ ಜ್ವರ ಹಬ್ಬಿದುದನ್ನು ಆಸ್ಪತ್ರೆಯ ವೈದ್ಯರೂ ಬೇರೆ ಬೇರೆಯಾಗಿ ನೋಡುವರು. ಎರಡನ್ನೂ ಒಟ್ಟಿಗೆ ಕಾಣುವವರು ಊರಿನಲ್ಲಿಯೇ ಇರುವ ಹಿರಿಯರು. ಅವರು ಈ ಸುದ್ದಿಯನ್ನು ಎರಡೂ ಕಡೆಗೆ ಸಕಾಲದಲ್ಲಿ ಮುಟ್ಟಿಸಿದರೆ ಮಂದೆಯೂ ಜನರೂ ಉಳಿಯುವರು.