‘ಇಲ್ಲ’ ಮತ್ತು ‘ನೋಡೇ ಇಲ್ಲ’: ದೂರದ ಯಂತ್ರದ ಮೌನವನ್ನು ಓದುವುದು

ನಾವು ಮಾತಾಡ್ತಿರೋದು ಲಂಡನ್ನಿನ ಪಶ್ಚಿಮದ ಅಂಚಿನಲ್ಲಿರುವ ಅಕ್ಸ್‌ಬ್ರಿಡ್ಜ್‌ನಿಂದ. ಇವತ್ತಿನ ಸಂಚಿಕೆ ನಮ್ಮಂಥ ಜೀವವಿಜ್ಞಾನಿಗಳ ದಿನನಿತ್ಯದ ಕೆಲಸದ ಬಗ್ಗೆ. ನಾವು ಕೂತಿರೋದು ಒಂದು ಕಡೆ, ಲೆಕ್ಕ ಮಾಡುವ ಯಂತ್ರ ಇರೋದು ಇನ್ನೊಂದು ಕಡೆ. ಅಲ್ಲಿ ಪ್ರೋಗ್ರಾಮ್ ಶುರು ಮಾಡೋದು ಹೇಗೆ? ಅದು ಕೆಟ್ಟರೆ ಇಲ್ಲಿಂದ ಪತ್ತೆ ಹಚ್ಚೋದು ಹೇಗೆ?

ಜೀವವಿಜ್ಞಾನಕ್ಕೆ ಅಷ್ಟು ದೊಡ್ಡ ಯಂತ್ರ ಯಾಕೆ ಬೇಕು ಅಂತ ಕೇಳಬಹುದು. ಮನುಷ್ಯನ ಜೀನೋಮ್ ಅಂದ್ರೆ ಸುಮಾರು 300 ಕೋಟಿ ಅಕ್ಷರ. ತಪ್ಪು ಕಡಿಮೆಯಾಗಲಿ ಅಂತ ಪ್ರತಿ ಜಾಗವನ್ನೂ ಸರಾಸರಿ 30 ಸಲ ಓದುತ್ತೇವೆ. ಒಬ್ಬರ ಡೇಟಾನೇ ಹತ್ತಾರು ಗಿಗಾಬೈಟ್ ಆಗುತ್ತೆ. ಲ್ಯಾಪ್‌ಟಾಪ್‌ಗೆ ಅದು ಹೊರಲಾರದ ಹೊರೆ. ಹಾಗಾಗಿ ಸಂಶೋಧಕರು ನೂರಾರು ಕಂಪ್ಯೂಟರುಗಳನ್ನು ಜೋಡಿಸಿದ ಕ್ಲಸ್ಟರುಗಳ ಮೊರೆ ಹೋಗ್ತಾರೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಅಂಥದ್ದೇ ಒಂದು. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್.

ಇಂಥ ಯಂತ್ರಗಳೊಳಗೆ ಹೋಗುವ ಬಾಗಿಲು ಎಸ್‌ಎಸ್‌ಎಚ್. 1995ರಲ್ಲಿ ಫಿನ್ಲೆಂಡಿನ ತಾತು ಯುಲೊನೆನ್ ಇದನ್ನು ಬರೆದರು. ಅದಕ್ಕೂ ಮೊದಲು ಬಳಸ್ತಿದ್ದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನ ಮೇಲೆ ಬರೆದ ಹಾಗೆ ತೆರೆದೇ ಸಾಗ್ತಿತ್ತು. ಎಸ್‌ಎಸ್‌ಎಚ್ ಅದನ್ನು ಲಕೋಟೆಯೊಳಗೆ ಹಾಕಿ ಅಂಟಿಸಿತು.

ಒಳಗೆ ಹೋದ ತಕ್ಷಣ ಪ್ರೋಗ್ರಾಮ್ ಓಡಿಸೋ ಹಾಗಿಲ್ಲ. ನಾವು ಮೊದಲು ಇಳಿಯೋದು ಎಲ್ಲರೂ ಹಂಚಿಕೊಳ್ಳುವ ಲಾಗಿನ್ ಯಂತ್ರಕ್ಕೆ. ಭಾರೀ ಕೆಲಸಗಳನ್ನು ಸ್ಲರ್ಮ್‌ನಂಥ ಸರದಿ ವ್ಯವಸ್ಥೆಗೆ ಒಪ್ಪಿಸಬೇಕು. ಹಿಟ್ಟಿನ ಗಿರಣಿಯಲ್ಲಿ ಡಬ್ಬ ಇಟ್ಟು, ರಾಗಿ ಇಷ್ಟಿದೆ, ನುಣ್ಣಗೆ ಬೀಸಿ ಅಂತ ಹೇಳಿ ಬಂದ ಹಾಗೆ. ಎಷ್ಟು ಮೆಮೊರಿ ಬೇಕು, ಎಷ್ಟು ಗಂಟೆ ಬೇಕು ಅಂತ ಮೊದಲೇ ಬರೆದುಕೊಡ್ತೇವೆ. ಸರದಿ ಬಂದಾಗ ಅದು ಓಡುತ್ತೆ, ನಾವು ಅಲ್ಲೇ ನಿಂತಿರಬೇಕಿಲ್ಲ.

ಸರದಿ ವ್ಯವಸ್ಥೆ ಇಲ್ಲದ ಯಂತ್ರದಲ್ಲಿ ಬೇರೆ ತೊಂದರೆ. ನಮ್ಮ ವೈಫೈ ಹೋದರೆ ಅಲ್ಲಿ ಓಡ್ತಿರುವ ಪ್ರೋಗ್ರಾಮಿಗೆ ‘ಹ್ಯಾಂಗ್‌ಅಪ್’ ಅನ್ನೋ ಸಂಕೇತ ಹೋಗುತ್ತೆ, ಅದು ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತೆ. ಮೋಡೆಮ್ಮಿನ ಕಾಲದಲ್ಲಿ ಫೋನ್ ಇಟ್ಟುಬಿಡೋದಕ್ಕೆ ಇದ್ದ ಹೆಸರು ಹಾಗೇ ಉಳಿದಿದೆ. ನೋಹಪ್, ಟಿಮಕ್ಸ್ ಅನ್ನೋ ಸಲಕರಣೆಗಳು ಇರೋದೇ ಇದರಿಂದ ಪಾರಾಗೋಕೆ.

ಸರಿ, ಶುರು ಮಾಡಿದ್ದಾಯ್ತು. ಈಗ ನಿಜವಾದ ಕಷ್ಟಕ್ಕೆ ಬರೋಣ. ಒಂದು ಉದಾಹರಣೆ ಕಟ್ಟಿ ನೋಡೋಣ. ಒಬ್ಬರ ಜೀನೋಮಿನಲ್ಲಿ ಎಲ್ಲೆಲ್ಲಿ ವ್ಯತ್ಯಾಸ ಇದೆ ಅಂತ ಹುಡುಕುವ ಪ್ರೋಗ್ರಾಮ್ 1ನೇ ಕ್ರೋಮೊಸೋಮಿನಿಂದ ಶುರುಮಾಡಿ ಒಂದೊಂದಾಗಿ ಮುಂದೆ ಹೋಗ್ತಿದೆ. ಸಿಕ್ಕ ಸಿಕ್ಕದ್ದನ್ನು ಕಡತಕ್ಕೆ ಬರೀತಿದೆ. 12ನೇ ಕ್ರೋಮೊಸೋಮಿನ ಹತ್ತಿರ ಬಂದಾಗ ಕೇಳಿದ್ದಕ್ಕಿಂತ ಹೆಚ್ಚು ಮೆಮೊರಿ ಬಳಸಿತು. ಯಂತ್ರ ಅದನ್ನು ಕೊಂದುಹಾಕಿತು. ಆಗ ಸಿಗುವ ಸಂಖ್ಯೆ 137. ಅಂದ್ರೆ 128ಕ್ಕೆ 9 ಸೇರಿಸಿದ್ದು. 9 ಅನ್ನೋದು ‘ಈಗಲೇ ಸಾಯಿ’ ಅನ್ನುವ ಸಂಕೇತ. ಅದು ಬಂದ ಮೇಲೆ ಪ್ರೋಗ್ರಾಮಿಗೆ ಕೊನೇ ಮಾತು ಆಡೋಕೂ ಅವಕಾಶ ಇಲ್ಲ.

ಆದರೆ ಬ್ಯಾಶ್ ಸ್ಕ್ರಿಪ್ಟಿನ ಸ್ವಭಾವ ನೋಡಿ: ನಾವು ಬೇರೆ ಹೇಳದಿದ್ದರೆ, ಒಂದು ಸಾಲು ಸೋತರೂ ಅದು ಮುಂದಿನ ಸಾಲಿಗೆ ಹೋಗುತ್ತೆ. ಮುಂದಿನ ಹಂತಕ್ಕೆ ಅರ್ಧ ಕಡತ ಸಿಕ್ಕಿತು. ಅದು ಪಠ್ಯ ಕಡತ, ಅದಕ್ಕೆ ‘ಇಲ್ಲಿಗೆ ಮುಗಿಯಿತು’ ಅನ್ನೋ ಗುರುತೇ ಇಲ್ಲ. ಹಾಗಾಗಿ ಅದು ಪೂರ್ತಿ ಕಡತದ ಹಾಗೇ ಕಾಣುತ್ತೆ. ವರದಿ ಅಚ್ಚುಕಟ್ಟಾಗಿ ತಯಾರಾಯ್ತು.

ಈಗ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯಕ್ಕೆ ಸಂಬಂಧಿಸಿದ ಎರಡು ಜೀನ್‌ಗಳನ್ನು ನೆನಪಿಸಿಕೊಳ್ಳಿ. ಬಿಆರ್‌ಸಿಎ2 ಇರೋದು 13ನೇ ಕ್ರೋಮೊಸೋಮಿನಲ್ಲಿ, ಬಿಆರ್‌ಸಿಎ1 ಇರೋದು 17ನೇದರಲ್ಲಿ. ವರದಿಯಲ್ಲಿ ಈ ಎರಡರ ಮುಂದೆ ಏನೂ ಇಲ್ಲ. ಓದಿದವರು ‘ಸದ್ಯ, ತೊಂದರೆ ಇಲ್ಲ’ ಅಂದುಕೊಳ್ತಾರೆ. ಆದರೆ ಪ್ರೋಗ್ರಾಮ್ ಆ ಜಾಗಕ್ಕೆ ಹೋಗೇ ಇರಲಿಲ್ಲ! ‘ಇಲ್ಲ’ ಅನ್ನೋದೂ ‘ನೋಡೇ ಇಲ್ಲ’ ಅನ್ನೋದೂ ಕಾಗದದ ಮೇಲೆ ಒಂದೇ ಥರ ಕಾಣುತ್ತೆ. ದೂರದ ಯಂತ್ರದ ಜೊತೆಗಿನ ಎಲ್ಲ ಅಪಾಯವೂ ಇಲ್ಲೇ ಇದೆ.

ಲಾಗ್ ಕಡತ ನೋಡಿದರೆ ಗೊತ್ತಾಗಲ್ವಾ ಅಂತೀರಾ? ಗೊತ್ತಾಗುತ್ತೆ, ಆದರೆ ಅದರ ಕೊನೇ ಸಾಲನ್ನೂ ಪೂರ್ತಿ ನಂಬೋ ಹಾಗಿಲ್ಲ. ಪ್ರೋಗ್ರಾಮುಗಳು ಕಡತಕ್ಕೆ ಬರೆಯುವಾಗ ಪ್ರತಿ ಸಾಲನ್ನೂ ತಕ್ಷಣ ಬರೆಯಲ್ಲ. ಅಂಗಡಿಯವರು ಚೀಟಿಗಳನ್ನೆಲ್ಲ ಜೇಬಲ್ಲಿಟ್ಟುಕೊಂಡು ಸಂಜೆ ಒಂದೇ ಸಲ ಖಾತೆ ಪುಸ್ತಕಕ್ಕೆ ಏರಿಸುವ ಹಾಗೆ, ಒಂದಷ್ಟು ಸೇರಿದ ಮೇಲೆ ಬರೀತವೆ. ಮಧ್ಯದಲ್ಲಿ ಸತ್ತರೆ ಜೇಬಿನ ಚೀಟಿಗಳೂ ಹೋದ ಹಾಗೆ. ಲಾಗ್‌ನಲ್ಲಿ 10ನೇ ಕ್ರೋಮೊಸೋಮ್ ಅಂತಿದ್ದರೂ ಪ್ರೋಗ್ರಾಮ್ ಸತ್ತದ್ದು 12ರಲ್ಲಿ ಇರಬಹುದು.

ಕಣ್ಣಿಗೆ ಕಾಣದ ಕಡೆಯ ಸುದ್ದಿಯನ್ನು ಎಷ್ಟು ನಂಬಬೇಕು ಅನ್ನೋ ಪ್ರಶ್ನೆ ಈ ಕಂಪ್ಯೂಟರುಗಳಿಗಿಂತ ಹಳೆಯದು. ಅಕ್ಸ್‌ಬ್ರಿಡ್ಜ್‌ನಲ್ಲೇ ನೆಲದಿಂದ ಸುಮಾರು 60 ಅಡಿ ಕೆಳಗೆ ಒಂದು ಬಂಕರ್ ಇದೆ. ಈಗ ಅದನ್ನು ಜನ ಹೋಗಿ ನೋಡಬಹುದು. 1940ರ ‘ಬ್ಯಾಟಲ್ ಆಫ್ ಬ್ರಿಟನ್’ ಸಮಯದಲ್ಲಿ ವಾಯುಪಡೆಯ 11ನೇ ಗ್ರೂಪ್ ಆಗ್ನೇಯ ಇಂಗ್ಲೆಂಡಿನ ಯುದ್ಧವಿಮಾನಗಳನ್ನು ಇಲ್ಲಿಂದಲೇ ನಿರ್ದೇಶಿಸ್ತಿತ್ತು. ಒಳಗಿದ್ದವರಿಗೆ ಆಕಾಶದ ಚೂರೂ ಕಾಣ್ತಿರಲಿಲ್ಲ. ರೇಡಾರ್ ಕೇಂದ್ರಗಳಿಂದ, ವೀಕ್ಷಕರಿಂದ ಫೋನ್ ಮೂಲಕ ಬಂದ ಸುದ್ದಿಯಂತೆ ದೊಡ್ಡ ನಕ್ಷೆಯ ಮೇಲೆ ಗುರುತುಗಳನ್ನು ಇಡ್ತಿದ್ದರು. ಗೋಡೆ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಒಂದೊಂದರಂತೆ ಕೆಂಪು, ಹಳದಿ, ನೀಲಿ ಪಟ್ಟಿಗಳಿದ್ದವು. ಸುದ್ದಿ ಬಂದಾಗ ನಿಮಿಷದ ಮುಳ್ಳು ಯಾವ ಬಣ್ಣದ ಮೇಲಿತ್ತೋ ಅದೇ ಬಣ್ಣದ ಗುರುತು ನಕ್ಷೆಯ ಮೇಲೆ. ಒಮ್ಮೆ ನೋಡಿದರೆ ಯಾವುದು ಹೊಸ ಸುದ್ದಿ, ಯಾವುದು ಹಳಸಿದ್ದು ಅಂತ ತಿಳೀತಿತ್ತು.

ಲಾಗ್‌ನ ಪ್ರತಿ ಸಾಲಿಗೂ ಸಮಯದ ಮುದ್ರೆ ಹಾಕಿ ಅಂತ ನಾವು ವಿದ್ಯಾರ್ಥಿಗಳಿಗೆ ಹೇಳೋದೂ ಇದಕ್ಕೇ. ಜೊತೆಗೆ ಯಾವ ಊರಿನ ಸಮಯ ಅನ್ನೋದೂ ಇರಲಿ. ಬೆಂಗಳೂರಿಗೂ ಇಲ್ಲಿಗೂ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಐದೂವರೆ.

ಇನ್ನು, ನೋಡೋಕಷ್ಟೇ ಅಲ್ಲ, ಮಧ್ಯದಲ್ಲಿ ಕೈ ಹಾಕೋಕೂ ಆಗದ ಯಂತ್ರ ಆಗಿದ್ದರೆ? ಅದಕ್ಕೆ ಕರ್ನಾಟಕದಲ್ಲೇ ಒಳ್ಳೇ ಉದಾಹರಣೆ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಬೇಕಿತ್ತು. ಬಿಡದಿ ಹತ್ತಿರದ ಬ್ಯಾಲಾಳುವಿನಲ್ಲಿರುವ 32 ಮೀಟರ್ ಆಂಟೆನಾದಿಂದ ಹೊರಟ ಸಂಕೇತ ನೌಕೆ ಮುಟ್ಟೋಕೇ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಬೇಕಿತ್ತು. ಎಂಜಿನ್ ಉರಿಯಬೇಕಾದದ್ದು ಸುಮಾರು 24 ನಿಮಿಷ. ಅದರ ಮಧ್ಯದಲ್ಲೇ ನೌಕೆ ಮಂಗಳನ ಮರೆಗೆ ಸರಿದು ಸಂಪರ್ಕ ಕಡಿಯುತ್ತಿತ್ತು. ಹಾಗಾಗಿ ಇಸ್ರೋದವರು ಯಾವ ಕ್ಷಣಕ್ಕೆ ಏನು ಮಾಡಬೇಕು ಅನ್ನೋ ಆದೇಶಗಳನ್ನು ದಿನಗಳ ಮೊದಲೇ ನೌಕೆಗೆ ಏರಿಸಿದ್ದರು. ಸುಮಾರು 300 ದಿನ ಸುಮ್ಮನಿದ್ದ ಮುಖ್ಯ ಎಂಜಿನ್ನನ್ನು ಸೆಪ್ಟೆಂಬರ್ 22ರಂದು ಬರೀ ನಾಲ್ಕು ಸೆಕೆಂಡು ಉರಿಸಿ ಪರೀಕ್ಷಿಸಿದರು. ಅದು ಕೈಕೊಟ್ಟರೆ ಎಂಟು ಚಿಕ್ಕ ಎಂಜಿನ್‌ಗಳನ್ನು ಬಳಸುವ ಯೋಜನೆಯೂ ಸಿದ್ಧವಿತ್ತು. ಮೌನ ಯಾವಾಗ ಶುರುವಾಗುತ್ತೆ, ಯಾವಾಗ ಮುಗೀಬೇಕು ಅಂತ ಅವರಿಗೆ ಮೊದಲೇ ಲೆಕ್ಕ ಗೊತ್ತಿತ್ತು. ಹೇಳಿದ ಹೊತ್ತಿಗೆ ಸಂಕೇತ ಮತ್ತೆ ಬಂತು.

ನಮ್ಮ ಕ್ಲಸ್ಟರ್ ಕೆಲಸಕ್ಕೂ ಇದೇ ದಾರಿ. ಪೂರ್ತಿ ಜೀನೋಮ್ ಕೊಡುವ ಮೊದಲು ಅತಿ ಚಿಕ್ಕದಾದ 21ನೇ ಕ್ರೋಮೊಸೋಮನ್ನು ಮಾತ್ರ ಓಡಿಸಿ, ಅದೇ ನಮ್ಮ ನಾಲ್ಕು ಸೆಕೆಂಡಿನ ಪರೀಕ್ಷೆ. ಯಾವ ಸಾಲು ಸೋತರೂ ಅಲ್ಲೇ ನಿಲ್ಲಬೇಕು ಅಂತ ಸ್ಕ್ರಿಪ್ಟಿಗೆ ಮೊದಲೇ ಹೇಳಿ. ವರದಿಯಲ್ಲಿ ಸಿಕ್ಕಿದ್ದನ್ನಷ್ಟೇ ಅಲ್ಲ, ಎಲ್ಲೆಲ್ಲಿ ಹುಡುಕಿದ್ದು ಅನ್ನೋದನ್ನೂ ಬರೆಸಿ. ಕೊನೆಯದು, ಲ್ಯಾಬಿನಲ್ಲಿ ನಾವೆಲ್ಲ ಮಾಡೋದೇ: ಪಿಸಿಆರ್ ಮಾಡುವಾಗ ಖಂಡಿತ ಉತ್ತರ ಬರಲೇಬೇಕಾದ ಒಂದು ಪಾಸಿಟಿವ್ ಕಂಟ್ರೋಲ್ ಟ್ಯೂಬ್ ಇಡ್ತೇವೆ ಅಲ್ವಾ? ಹಾಗೇ ಬಿಆರ್‌ಸಿಎ1ರಲ್ಲಿ ವ್ಯತ್ಯಾಸ ಇದೆ ಅಂತ ಗೊತ್ತಿರುವ ಮಾದರಿಯೊಂದನ್ನು ಪ್ರತಿ ಸಲವೂ ಜೊತೆಗೆ ಓಡಿಸಿ. ಅದರಲ್ಲೂ ‘ಇಲ್ಲ’ ಅಂತ ಬಂದರೆ, ಉಳಿದವರ ‘ಇಲ್ಲ’ಗಳನ್ನು ಯಾರಿಗೂ ಹೇಳೋ ಹಾಗಿಲ್ಲ.

ಧಾರವಾಡದಲ್ಲೋ ಡಲ್ಲಾಸ್‌ನಲ್ಲೋ ಕೂತು ದೂರದ ಯಂತ್ರದ ಜೊತೆ ಗುದ್ದಾಡ್ತಿರುವ ಸ್ನೇಹಿತರಿಗೆ ಈ ಸಂಚಿಕೆ ಕೇಳಿಸಿ.