ಕೊನೆಯ ಬೆಂಚಿನಲ್ಲಿ ಎರಡು ವರ್ಷ

ಎರಡು ವರ್ಷ ನಾನು ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲೇ ಕೂತೆ. ಪರಮಪ್ರಸಾದದ ಸಾಲು ಶುರುವಾದ ಕೂಡಲೇ ಫೋನ್ ಬಂದವಳ ಹಾಗೆ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಕಾರಣ, ನನಗೆ ವಿಚ್ಛೇದನ ಆಗಿತ್ತು. 'ಡೈವೋರ್ಸ್ ಆದವರು ಪ್ರಸಾದ ತಗೊಳ್ಳೋ ಹಾಗಿಲ್ಲ' ಅಂತ ಸಂಬಂಧಿಕರೊಬ್ಬರು ಹೇಳಿದ್ದರು. ಯಾರನ್ನೂ ಕೇಳದೆ ನಂಬಿಬಿಟ್ಟೆ.

ಮದುವೆ ಯಾಕೆ ಮುರಿಯಿತು ಅನ್ನೋದು ಇಲ್ಲಿ ಬೇಡ. ಇಬ್ಬರೂ ಪ್ರಯತ್ನಪಟ್ಟೆವು, ಆಗಲಿಲ್ಲ, ಅಷ್ಟೆ. ಬೆಂಗಳೂರಿನಲ್ಲಿ ಕೆಲಸ ಇದ್ದಿದ್ದರಿಂದ ಊರಿಗೆ ಹೋಗದಿರಲು ನೆಪ ಸುಲಭವಾಗಿ ಸಿಗುತ್ತಿತ್ತು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೂ ಹೋಗಲಿಲ್ಲ. ಮಾತೆ ಮರಿಯಮ್ಮನ ಹುಟ್ಟುಹಬ್ಬದ ಆ ದಿನ ನಮ್ಮ ಕರಾವಳಿ ಕ್ರೈಸ್ತರ ಮನೆಗಳಲ್ಲಿ ಹೊಸ ಅಕ್ಕಿಯ ಊಟ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳು ಸೇರಿಸಿ ಪಾಯಸ ಮಾಡುತ್ತಾರೆ. ದೂರದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳು ಪೋಸ್ಟ್‌ನಲ್ಲಾದರೂ ಕಳಿಸುತ್ತಾರೆ.

ಎರಡೂ ವರ್ಷ ಅಮ್ಮ ನನಗೆ ಕವರಿನಲ್ಲಿ ಕಾಳು ಕಳಿಸಿದರು. ಜೊತೆಗೆ ಪತ್ರ ಇಲ್ಲ, ಬುದ್ಧಿಮಾತೂ ಇಲ್ಲ. ಮೂರನೇ ವರ್ಷ ನಾನೇ ಹೋದೆ.

'ಮತ್ತೆ ಯಾಕೆ ಹೊರಗೆ ನಿಲ್ತೀಯಾ?'

ಹಬ್ಬದ ಹಿಂದಿನ ಸಂಜೆ ಪಾಪನಿವೇದನೆಗೆ ಹೋಗಿ, ತಡವರಿಸುತ್ತಾ ಎಲ್ಲಾ ಹೇಳಿದೆ. ಗುರುಗಳು ಒಂದೇ ಪ್ರಶ್ನೆ ಕೇಳಿದರು.

"ಇನ್ನೊಂದು ಮದುವೆ ಆಗಿದ್ದೀಯಾ?"

"ಇಲ್ಲ ಫಾದರ್."

"ಮತ್ತೆ ಯಾಕೆ ಹೊರಗೆ ನಿಲ್ತೀಯಾ?"

ಕಥೋಲಿಕ ಧರ್ಮಸಭೆಯಲ್ಲಿ ಬೇರೆಯಾಗಿರುವುದು ಅಥವಾ ಕೋರ್ಟಿನಲ್ಲಿ ವಿಚ್ಛೇದನ ಪಡೆದಿರುವುದು, ಅಷ್ಟಕ್ಕೇ ಪರಮಪ್ರಸಾದಕ್ಕೆ ಅಡ್ಡಿಯಲ್ಲ. ಧರ್ಮಸಭೆಯ ಪ್ರಕಾರ ಮೊದಲ ಮದುವೆ ಇನ್ನೂ ಊರ್ಜಿತವಾಗಿರುವಾಗ ಮರುಮದುವೆ ಆದರೆ ಪ್ರಶ್ನೆ ಏಳುತ್ತದೆ. ಅಂಥವರನ್ನೂ ದೂರ ತಳ್ಳದೆ ಜೊತೆಯಲ್ಲಿ ನಡೆಯಿರಿ ಅಂತ ಪೋಪ್ ಫ್ರಾನ್ಸಿಸ್ 2016ರಲ್ಲಿ ಗುರುಗಳಿಗೆ ಬರೆದರು. ಸಂಗಾತಿಯಿಂದ ಜೀವಕ್ಕೋ ಮನಸ್ಸಿಗೋ ಮಕ್ಕಳಿಗೋ ಗಂಭೀರ ಅಪಾಯ ಇದ್ದರೆ ಬೇರೆ ಇರಲು ಧರ್ಮಸಭೆಯ ಕಾನೂನೇ ಅವಕಾಶ ಕೊಡುತ್ತದೆ. ಹೊಡೆತ ತಿಂದುಕೊಂಡು ಇರುವುದೇ ಭಕ್ತಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಗೊಂದಲವೂ ಇದೆ. ಧರ್ಮಸಭೆಯ ನ್ಯಾಯಮಂಡಳಿ ಕೊಡುವುದು ವಿಚ್ಛೇದನ ಅಲ್ಲ. ಆ ಮದುವೆ ಮೊದಲಿನಿಂದಲೇ ಊರ್ಜಿತ ಆಗಿರಲಿಲ್ಲ ಅನ್ನುವ ಘೋಷಣೆ. ಅದರಿಂದ ಮಕ್ಕಳು ಅಕ್ರಮ ಸಂತಾನ ಆಗುವುದಿಲ್ಲ. ಆದರೆ ಅದೊಂದರಿಂದಲೇ ಸರ್ಕಾರದ ಕಣ್ಣಲ್ಲಿ ಮದುವೆ ಮುಗಿಯುವುದಿಲ್ಲ. ಮಾನ್ಯತೆ ಕೊಡಿ ಅಂತ ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು. ಹಾಗಾಗಿ ಚರ್ಚಿನಲ್ಲಿ ಮತ್ತೆ ಮದುವೆ ಆಗಬೇಕು ಅಂದ್ರೆ ಎರಡೂ ಕಡೆಯ ಕಾಗದ ಬೇಕು.

ಪೌಲ ಮತ್ತು ಬಾರ್ನಬ

ಹೊರಡುವಾಗ ಗುರುಗಳು ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯ ಓದು ಅಂದರು. ರಾತ್ರಿ ಮೊಬೈಲಲ್ಲೇ ಓದಿದೆ. ಊರೂರು ಸುತ್ತಿ ಜೊತೆಯಲ್ಲಿ ಸೇವೆ ಮಾಡಿದ್ದ ಪೌಲ ಮತ್ತು ಬಾರ್ನಬ, ಮಾರ್ಕನನ್ನು ಕರೆದೊಯ್ಯಬೇಕೋ ಬೇಡವೋ ಅನ್ನುವ ವಿಷಯಕ್ಕೆ ಜೋರಾಗಿ ಜಗಳವಾಡಿ ಬೇರೆಯಾಗುತ್ತಾರೆ. ಬೈಬಲ್ ಅದನ್ನು ಮುಚ್ಚಿಟ್ಟಿಲ್ಲ. ಅವರು ಮತ್ತೆ ಒಟ್ಟಿಗೆ ಪ್ರಯಾಣ ಮಾಡಿದ್ದನ್ನೂ ಬರೆದಿಲ್ಲ. ಆದರೆ ನಂತರ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ಬಾರ್ನಬನನ್ನು ತನ್ನ ಸಮಾನನಾಗಿಯೇ ನೆನೆಯುತ್ತಾನೆ. ತಿಮೊಥೇಯನಿಗೆ ಬರೆದ ಎರಡನೇ ಪತ್ರದಲ್ಲಂತೂ, ಬೇಡ ಅಂದಿದ್ದ ಅದೇ ಮಾರ್ಕನನ್ನು ಕರೆದುಕೊಂಡು ಬಾ ಅನ್ನುತ್ತಾನೆ.

ಗಂಡ ಹೆಂಡತಿ ಬೇರೆ ಆಗೋದು ಬೇರೆ ಥರ, ಗೊತ್ತು. ಆದರೂ ನನಗೆ ಒಂದು ವಿಷಯ ಹೊಳೆಯಿತು. ಜೊತೆಯಲ್ಲಿ ಬಾಳಲು ಆಗದಿದ್ದರೂ ದ್ವೇಷಿಸದೆ ಇರಬಹುದು.

ಮರುದಿನ ಊಟಕ್ಕೆ ಮೊದಲು ಅಮ್ಮ ಮೆಲ್ಲಗೆ ಹೇಳಿದರು, "ಅವನ ಹೆಸರು ಹೇಳಿಯೂ ಪ್ರಾರ್ಥಿಸಿದೆ. ಬೇಜಾರಾ?" ಹಿಂದಿನ ವರ್ಷ ಆಗಿದ್ದರೆ ಎದ್ದು ಹೋಗುತ್ತಿದ್ದೆ. ಈ ಸಲ ಕೂತಲ್ಲೇ ಕೂತೆ. ಬೇಜಾರಿಲ್ಲ ಅಂತ ಹೇಳಲು ಆಗಲಿಲ್ಲ, ತಲೆ ಆಡಿಸಿದೆ. ಕ್ಷಮೆ ಅಂದ್ರೆ ವಾಪಸ್ ಹೋಗುವುದಲ್ಲ ಅಂತ ನನಗೆ ಅರ್ಥವಾಗಿತ್ತು. ಪೂರ್ತಿ ಕ್ಷಮಿಸಲು ಇನ್ನೂ ಸಮಯ ಬೇಕು.

ನಿಮ್ಮ ಚರ್ಚಿನಲ್ಲೂ ಕೊನೆಯ ಬೆಂಚಿನಲ್ಲಿ ಯಾರಾದರೂ ಒಬ್ಬರೇ ಕೂತಿರಬಹುದು. ಏನಾಯ್ತು, ಯಾರ ತಪ್ಪು ಅಂತ ಕೇಳಬೇಡಿ, ಪಕ್ಕದಲ್ಲಿ ಹೋಗಿ ಕೂತ್ಕೊಳ್ಳಿ. ಅವರು ನನ್ನ ಹಾಗೆ ಯಾರದೋ ಮಾತು ಕೇಳಿ ಹೊರಗೆ ನಿಲ್ಲುತ್ತಿದ್ದರೆ, ಒಮ್ಮೆ ಗುರುಗಳನ್ನು ಕೇಳಲು ಹೇಳಿ.

ಆ ಹಬ್ಬದ ಬೆಳಿಗ್ಗೆ ಸಾಲು ಶುರುವಾದಾಗ ನನ್ನ ಕಾಲು ಅಭ್ಯಾಸಬಲದಿಂದ ಬಾಗಿಲ ಕಡೆಗೇ ತಿರುಗಿತ್ತು. ಅಮ್ಮ ಕೈ ಹಿಡಿದುಕೊಂಡರು. ಇಬ್ಬರೂ ಮುಂದೆ ಹೋದೆವು.