ರಜೆಯ ದಿನಗಳು ಮತ್ತು ಕಾಯಕದ ಋಣ

ಚೈತ್ರ ವೈಶಾಖಗಳು ಬಂದವೆಂದರೆ ಧಾರವಾಡದ ಬೀದಿಗಳ ಚಹರೆಯೇ ಬದಲಾಗುತ್ತದೆ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಂದಿನಿಂದ ಇದು ವಿದ್ಯಾರ್ಥಿಗಳ ಊರು. ಮುಂಬಯಿಯಲ್ಲಿ 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಇಲ್ಲಿಗೆ ಬಂದಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ಕಾಲೇಜುಗಳ ರಜೆ ಪರೀಕ್ಷೆಯ ವೇಳಾಪಟ್ಟಿಯಂತೆ ಹಿಂದುಮುಂದಾಗುತ್ತದೆ. ಬೆಳಗಾವಿ, ವಿಜಯಪುರ, ಗದಗ, ಹಾವೇರಿಗಳ ಹಳ್ಳಿಗಳಿಂದ ಬಂದ ಮಕ್ಕಳು ಗಂಟುಮೂಟೆ ಕಟ್ಟಿ ಬಸ್ಸು ಹತ್ತಿದರೆ ಖಾನಾವಳಿಗಳಲ್ಲಿ ರೊಟ್ಟಿ ತಟ್ಟುವ ಸಪ್ಪಳವೂ ಕಡಿಮೆಯಾಗುತ್ತದೆ.

ಆದರೆ ಊರು ನಿದ್ರಿಸುವುದಿಲ್ಲ. ಮಕ್ಕಳ ಬೇಸಿಗೆ ಶಿಬಿರಗಳು ತೆರೆಯುತ್ತವೆ. ಹಾಡು, ಚಿತ್ರಕಲೆ, ನಾಟಕ, ಯೋಗಾಸನಗಳ ತರಗತಿಗಳು ನಡೆಯುತ್ತವೆ. ಆಪುಸು ಮಾವಿನ ಬುಟ್ಟಿಗಳು ಪೇಟೆಗೆ ಬರುತ್ತವೆ. ಸಂಜೆ ಗುಡುಗಿ ಸುರಿಯುವ ಅಡ್ಡಮಳೆಗೆ ಹೆದರದೆ ಜನ ಉಪನ್ಯಾಸಕ್ಕೂ ಸಂಗೀತಕ್ಕೂ ಸೇರುತ್ತಾರೆ.

ಶರಣರ ಪಂಚಾಂಗದಲ್ಲಿಯೂ ಬೇಸಿಗೆ ಬರಿದಾದ ಕಾಲವಲ್ಲ. ಯುಗಾದಿಯಂದು ಅಲ್ಲಮಪ್ರಭುಗಳ ಜಯಂತಿ, ದವನದ ಹುಣ್ಣಿಮೆಯಂದು ಅಕ್ಕಮಹಾದೇವಿಯ ಜಯಂತಿ, ಅಕ್ಷಯ ತೃತೀಯೆಯಂದು ಬಸವ ಜಯಂತಿ. ಅನುಭಾವದ ಮೂರು ಮಹಾಚೇತನಗಳ ಸ್ಮರಣೆ ಬಿಸಿಲಿನ ಈ ತಿಂಗಳುಗಳಲ್ಲಿಯೇ ಕೂಡಿಬರುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಸವ ಜಯಂತಿಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಮೆರವಣಿಗೆ ತೆಗೆಯುತ್ತಾರೆ. ದುಡಿಯುವ ಜೀವಕ್ಕೆ ಸಲ್ಲಿಸುವ ಆ ಗೌರವದಲ್ಲಿಯೂ ಒಂದು ಪಾಠವಿದೆ.

ಈ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಮಾಡಿದ್ದು ಒಂದು ಮಠ ಮತ್ತು ಒಬ್ಬ ಪತ್ರಕರ್ತ. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಹರ್ಡೇಕರ ಮಂಜಪ್ಪನವರೂ ಮೃತ್ಯುಂಜಯ ಅಪ್ಪಗಳೂ ಕೂಡಿ ಅದನ್ನು ಆರಂಭಿಸಿದರು. ಅದೇ ಅಪ್ಪಗಳು ಮುಂದೆ ಧಾರವಾಡದ ಮುರುಘಾಮಠದ ಪೀಠಕ್ಕೆ ಬಂದರು. ಮಠದಲ್ಲಿ ಬಡ ವಿದ್ಯಾರ್ಥಿಗಳಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟರು. ಉತ್ಸವ ಮಾಡಿದ ಕೈಯೇ ಅನ್ನ ನೀಡಿದ್ದನ್ನು ನಾವು ಮರೆಯಬಾರದು.

ಹಾಗಾದರೆ ರಜೆ ಎಂದರೇನು? ಕೆಲಸದಿಂದ ಬಿಡುಗಡೆ ಎನ್ನುವುದು ಲೋಕದ ಅರ್ಥ. ಶರಣರ ದೃಷ್ಟಿ ಬೇರೆ. ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನವರ ಪ್ರಸಂಗವನ್ನು ನೆನೆಯೋಣ. ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಿಂದ ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಮ್ಮೆ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಚಂದಯ್ಯನವರು ಹಿಂತಿರುಗಿ ನೋಡದೆ ಹುಲ್ಲಿನ ಹೊರೆಯೊಂದಿಗೆ ನಡೆದರು. ಲಿಂಗವೇ ಅವರ ಬೆನ್ನು ಹತ್ತಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ತಿಳಿಹೇಳಿದ ಮೇಲೆ ಅವರು ಲಿಂಗವನ್ನು ಒಪ್ಪಿಕೊಂಡರು, ಆದರೆ ಲಿಂಗಕ್ಕೂ ಹಗ್ಗ ಮಾರುವ ಕಾಯಕವನ್ನು ಕೊಟ್ಟೇ ಒಪ್ಪಿಕೊಂಡರು. ದೇವನಿಗೇ ವಿನಾಯಿತಿ ಇಲ್ಲವೆಂದ ಮೇಲೆ ಪರೀಕ್ಷೆ ಮುಗಿಸಿದ ಯುವಕನಿಗೆ ಇದ್ದೀತೆ?

ವಿಶ್ರಾಂತಿ ಬೇಡವೆಂದು ಈ ಮಾತಿನ ಅರ್ಥವಲ್ಲ. ಮೈಮನಸ್ಸು ದಣಿದಾಗ ಆಟ ಬೇಕು, ಹಾಡು ಬೇಕು, ಅವ್ವನ ಕೈಯ ಊಟವೂ ಬೇಕು. ಆದರೆ ಒಂದು ಲೆಕ್ಕವನ್ನು ಮರೆಯುವಂತಿಲ್ಲ. ಪ್ರಸಾದ ನಿಲಯದ ರೊಟ್ಟಿಯ ಜೋಳ ಎಲ್ಲಿಂದ ಬಂತು? ಸುಗ್ಗಿಯಲ್ಲಿ ರೈತರು ತಮ್ಮ ರಾಶಿಯಿಂದ ಮಠಕ್ಕೆಂದು ತೆಗೆದಿಟ್ಟ ಪಾಲು ಅದು. ತನ್ನ ಮಗ ಶಾಲೆ ಬಿಟ್ಟು ದನ ಕಾಯುತ್ತಿದ್ದರೂ, ಗುರುತಿಲ್ಲದ ಯಾರದೋ ಮಗ ಓದಲೆಂದು ಚೀಲ ಹೊತ್ತು ತಂದು ಕೊಟ್ಟವರಿದ್ದಾರೆ. ಆ ಋಣವನ್ನು ಅಂಕಪಟ್ಟಿ ತೀರಿಸಲಾರದು.

ತೀರಿಸಲು ಬೇಸಿಗೆಗಿಂತ ಒಳ್ಳೆಯ ಕಾಲವಿಲ್ಲ. ರೋಹಿಣಿ ಮಳೆ ಬೀಳುವ ಮೊದಲು ಹೊಲ ಹರಗಬೇಕು, ತಿಪ್ಪೆಗೊಬ್ಬರ ಹೇರಬೇಕು. ಅಪ್ಪನ ಜೊತೆಗೆ ಮಗನೂ ಹೊಲಕ್ಕೆ ಇಳಿಯಲಿ. ಬತ್ತಿದ ಕೆರೆಯ ಹೂಳು ತೆಗೆಯಲು ಇದೇ ಸಮಯ. ಹತ್ತು ಹುಡುಗರು ಸಲಿಕೆ ಹಿಡಿದರೆ ಊರಿನ ಹಿರಿಯರೂ ಬಂದು ಕೂಡಿಕೊಳ್ಳುತ್ತಾರೆ. ಕೃಷಿ ವಿದ್ಯಾರ್ಥಿಯು ಬೀಜೋಪಚಾರದ ವಿಧಾನವನ್ನು ತನ್ನೂರಿನ ಕಟ್ಟೆಯ ಮೇಲೆ ಕುಳಿತು ಹೇಳಿಕೊಡಲಿ. ಓದು ಬಾರದ ಅಜ್ಜಿಗೆ ಪಿಂಚಣಿಯ ಅರ್ಜಿ ತುಂಬಿಕೊಡುವುದೂ ದಾಸೋಹವೇ.

ಊರಿಗೆ ಹೋಗದೆ ಧಾರವಾಡದಲ್ಲಿಯೇ ಉಳಿಯುವವರಿಗೂ ಕಾಯಕವಿದೆ. ಬಸ್ ನಿಲ್ದಾಣದ ಬಳಿ, ಪೇಟೆಯ ಮೂಲೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ತಣ್ಣೀರು ಕೊಡುವುದು ನಮ್ಮ ನಾಡಿನ ಹಳೆಯ ಧರ್ಮ. ಕುಡಿಯುವವನ ಕುಲವನ್ನು ಅರವಟ್ಟಿಗೆ ಕೇಳುವುದಿಲ್ಲ. ಗಡಿಗೆ ತುಂಬುವ ಹೊಣೆಯನ್ನು ದಿನಕ್ಕೊಬ್ಬರಂತೆ ಹಂಚಿಕೊಂಡರೆ ಭಾರವೆನಿಸದು.

ಶಿಬಿರ ನಡೆಸುವ ಬಂಧುಗಳಲ್ಲಿಯೂ ಒಂದು ವಿನಂತಿ. ಶುಲ್ಕ ಕೊಡಬಲ್ಲವರ ಮಕ್ಕಳು ಬಣ್ಣ ಕಲಸುವಾಗ, ಶುಲ್ಕ ಕೊಡಲಾರದವರ ಮಕ್ಕಳು ಬಾಗಿಲ ಹೊರಗೆ ನಿಂತು ನೋಡುತ್ತಾರೆ. ವಸತಿ ನಿಲಯದಲ್ಲಿ ಅಡಿಗೆ ಮಾಡುವ ತಾಯಿ, ರಸ್ತೆ ಗುಡಿಸುವ ತಂದೆ, ಆಟೋ ಓಡಿಸುವವರು ಇವರ ಮಕ್ಕಳಿಗೂ ಬೇಸಿಗೆ ಬರುತ್ತದೆ. ಪ್ರತಿ ಶಿಬಿರವೂ ಕೆಲವು ಸ್ಥಾನಗಳನ್ನು ಅವರಿಗೆಂದು ಮೀಸಲಿಡಲಿ. ಅದನ್ನು ದಾನವೆಂದು ಸಾರಿ ಹೇಳುವುದು ಬೇಡ. ಎಲ್ಲ ಕಾಯಕದವರೂ ಒಟ್ಟಾಗಿ ಕುಳಿತ ಅನುಭವ ಮಂಟಪದ ನೆನಪನ್ನು ಉಳಿಸಿಕೊಳ್ಳುವ ರೀತಿಯಿದು. ಹಾಡುವ ಮಗು, ಗುಡಿಸುವವರ ಮಗು ಒಂದೇ ಚಾಪೆಯ ಮೇಲೆ ಕುಳಿತರೆ ಸಮಾನತೆಯ ಮೇಲೆ ಬೇರೆ ಉಪನ್ಯಾಸ ಬೇಕಿಲ್ಲ.

ಈ ಬೇಸಿಗೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಾದರೂ ಕಾಯಕವನ್ನು ಫಲದ ಆಸೆಯಿಲ್ಲದೆ ಮಾಡಲಿ, ಮಾಡಿದ್ದನ್ನು ಶಿವಾರ್ಪಣವೆಂದು ಮರೆಯಲಿ. ಗುರುಬಸವಣ್ಣನು ಸರ್ವರಿಗೂ ಅಂಥ ಸದ್ಬುದ್ಧಿಯನ್ನು ಕರುಣಿಸಲಿ.